ಹೇಳಿಕೊಂಡ ಹುಂಜ

ಅಪ್ಪ ಶಿವಮೊಗ್ಗದ ಆಸ್ಪತ್ರೆಯಿಂದ ಸುದ್ದಿ ತಂದ ಸಂಜೆ ನಾನು ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದೆ. ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ಅದು ನನ್ನ ಪಾಲಿನ ಕೆಲಸ. ಹಿತ್ತಲ ಮೂಲೆಯಲ್ಲಿ ಹಳೇ ಹಲಗೆ, ತಗಡು ಸೇರಿಸಿ ಅಪ್ಪನೇ ಕಟ್ಟಿದ ಗೂಡು. ಹೇಟೆಗಳು ಹೊತ್ತು ಮುಳುಗುವ ಮುಂಚೆ ಮರಿಗಳನ್ನು ಕರೆದುಕೊಂಡು ತಾವೇ ಒಳಗೆ ಹೋಗುತ್ತಿದ್ದವು. ತಕರಾರೆಲ್ಲ ಎಳೆಯ ಹುಂಜಗಳದ್ದು. ಆ ಸಂಜೆ ಒಂದು ಕೆಂಪು ಹುಂಜ, ಇನ್ನೂ ನೆಟ್ಟಗೆ ಕೂಗಲೂ ಬಾರದ್ದು, ಬಸಳೆ ಚಪ್ಪರ ಹತ್ತಿ ಕೂತಿತ್ತು. ಅದನ್ನು ಕಾಲು ಹಿಡಿದು ಇಳಿಸಿ, ಕಂಕುಳಲ್ಲಿ ಒತ್ತಿ ಹಿಡಿದು ತಿರುಗುವಷ್ಟರಲ್ಲಿ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ತಮ್ಮ ಮಂಜ ಬಾಯಿ ತೆರೆದು ನಿದ್ದೆ ಹೋಗಿದ್ದ. ಆ ಮಳೆಗಾಲದಲ್ಲಿ ಅವನಿಗೆ ಜ್ವರ ಬಂದು, ಜ್ವರ ಬಿಟ್ಟ ಮೇಲೆ ಕಾಲುಗಳು ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಅಮ್ಮ ಬಾವಿಕಟ್ಟೆಯಂತಿದ್ದ ಸಣ್ಣ ತೊಟ್ಟಿಯ ಹತ್ತಿರ ಅಕ್ಕಿ ತೊಳೆಯುತ್ತಿದ್ದವಳು ಕೈಯನ್ನು ನೀರಿನಿಂದ ತೆಗೆಯಲಿಲ್ಲ.

"ಬಲಗಾಲು ಹೋತು," ಅಂದ ಅಪ್ಪ. "ಎಡಗಾಲಲ್ಲಿ ಸ್ವಲ್ಪ ಜೀವ ಐತಂತೆ. ದಿನಾ ಹಿಡಿಸಿ ನಡೆಸಿದ್ರೆ ಮುಂದೆ ಕೋಲು ಊರಿ ನಡೀಬಹುದು ಅಂದ್ರು. ಬಹುದು ಅಂದ್ರು, ಅಷ್ಟೇ."

ಯಾರೂ ಅಳಲಿಲ್ಲ. ಅಮ್ಮ ಅಕ್ಕಿ ನೀರು ಬಸಿದಳು. ಅಪ್ಪನ ತಾಯಿ, ನಮ್ಮ ಅಜ್ಜಿ, ಒಳಗಿನಿಂದ ಬಂದವಳು ಮಗನನ್ನೂ ನೋಡಲಿಲ್ಲ, ಮೊಮ್ಮಗನನ್ನೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು, ನನ್ನ ಕಂಕುಳಲ್ಲಿದ್ದ ಹುಂಜದ ನೆತ್ತಿಯ ಮೇಲೆ ಅಂಗೈ ಇಟ್ಟಳು.

"ತಾಯಿ ಚೌಡಮ್ಮಾ, ನಮ್ಮ ಹುಡುಗ ಎದ್ದು ನಾಕು ಹೆಜ್ಜೆ ನಡೆದ ದಿನ ಈ ಹುಂಜ ನಿಂದು."

ಹೀಗೆ ಅದು ಹೇಳಿಕೊಂಡ ಹುಂಜವಾಯಿತು. ಹರಕೆ ಹೇಳಿಕೊಳ್ಳುವುದು ನಮ್ಮವರಲ್ಲಿ ಹೊಸದಲ್ಲ. ದನ ಕಳೆದರೆ ಒಂದು ಕಾಯಿ, ಬಾಣಂತನ ಸುಸೂತ್ರವಾದರೆ ಒಂದು ಕೋಳಿ. ಆದರೆ ತಿಳಿದವರು ಅವಧಿ ಇಟ್ಟು ಹೇಳಿಕೊಳ್ಳುತ್ತಾರೆ, ಬರುವ ದೀಪಾವಳಿಯೊಳಗೆ, ಈ ಸಲದ ಪೂಜೆಯೊಳಗೆ ಎಂದು. ಅಜ್ಜಿ ಅವಸರದಲ್ಲಿ ಅವಧಿ ಇಡುವುದನ್ನೇ ಮರೆತಿದ್ದಳು. ಹುಡುಗ ನಡೆಯುವವರೆಗೆ ಆ ಹುಂಜ ನಮ್ಮ ಹಿತ್ತಲಲ್ಲಿ ಇರಲೇಬೇಕಿತ್ತು. ಚೌಡಮ್ಮನ ಬನ ಇದ್ದದ್ದು ಹಿನ್ನೀರಿನ ಆಚೆ, ತುಮರಿಯ ಕಡೆ. ಅಣೆಕಟ್ಟು ಕಟ್ಟಿ ಅಜ್ಜಿಯ ಊರು ನೀರಿನಡಿ ಸೇರಿದಾಗ ಉಳಿದವರು ದೇವಿಯ ಕಲ್ಲನ್ನು ಹೊತ್ತು ಗುಡ್ಡದ ಮೇಲೆ ಇಟ್ಟಿದ್ದರು. ಅಪ್ಪನಿಗೆ ಅಣೆಕಟ್ಟಿನಲ್ಲಿ ಕೆಲಸ ಸಿಕ್ಕಿ ನಾವು ಈಚೆ ದಡಕ್ಕೆ ಬಂದಿದ್ದೆವು. ಅಜ್ಜಿ ಈಚೆ ಬಂದರೂ ಕೈಮುಗಿಯುವಾಗ ನೀರಿನ ಕಡೆಗೇ ತಿರುಗುತ್ತಿದ್ದಳು.

ಇದನ್ನೆಲ್ಲ ನಾನೀಗ ಹೊಸನಗರದ ನಮ್ಮ ಮನೆಯ ಹಿಂದಿನ ತುಂಡು ಜಾಗದಲ್ಲಿ ಕೂತು ನೆನೆಯುತ್ತಿದ್ದೇನೆ. ಇಲ್ಲೂ ಕೋಳಿಗಳಿವೆ, ಬಸಳೆ ಇದೆ, ಬೇಲಿಗೆ ಹಬ್ಬಿದ ತೊಂಡೆ ಇದೆ. ಮಳೆ ಹಿಂದೆ ಸರಿಯುವ ಈ ದಿನಗಳಲ್ಲಿ ಕೋಳಿಗಳು ರೆಕ್ಕೆಪುಕ್ಕ ಉದುರಿಸಿಕೊಂಡು ಬಡವಾಗಿ ತಿರುಗುತ್ತವೆ. ಮೊಟ್ಟೆ ನಿಲ್ಲುತ್ತದೆ. ನನಗೂ ಈ ಕಾಲದಲ್ಲಿ ಮಂಡಿ ಹಿಡಿಯುತ್ತದೆ, ಗೂಡು ಬಳಿಯಲು ಬಗ್ಗಿದರೆ ಏಳುವುದಕ್ಕೆ ಬೇಲಿಯ ಗೂಟ ಬೇಕು. ಆದರೂ ಬೆಳಿಗ್ಗೆ ಬೂದಿ ಹರಡಿ, ನುಚ್ಚು ಎರಚಿ, ಅವು ಬಂದು ಕಾಲ ಬುಡದಲ್ಲಿ ಹೆಕ್ಕುವಾಗ ದೇವರು ಇನ್ನೊಂದು ದಿನ ಕೊಟ್ಟ ಅನ್ನಿಸುತ್ತದೆ. ದಣಿದವರಿಗೆ ಅಷ್ಟು ಸಾಕು. ಸಂಜೆ ದೀಪ ಹಚ್ಚಿದಾಗ ನಾನು ಏನನ್ನೂ ಬೇಡುವುದಿಲ್ಲ. ಆ ದಿನ ಬಂದದ್ದನ್ನು ಒಂದೊಂದಾಗಿ ಹೇಳಿ ಕೈಮುಗಿಯುತ್ತೇನೆ. ಕಾವಿಗೆ ಕೂತ ಹೇಟೆ ಎದ್ದಿಲ್ಲ. ಗ್ಯಾಸು ಇನ್ನೂ ಇದೆ. ಸೊಸೆಯ ತಲೆನೋವು ಇಳಿಯಿತು. ಇಂಥ ಪೂಜೆ ಎಲ್ಲಿ ಕಲಿತಿ ಎಂದು ಮನೆಯವರು ನಗುತ್ತಾರೆ. ನಾನು ಅದನ್ನು ಕಲಿತದ್ದು ಆ ಹುಂಜದ ದೆಸೆಯಿಂದ.

ಹೇಳಿಕೊಂಡ ಹುಂಜ ಮನೆಯಲ್ಲಿದ್ದರೆ ನಿಯಮಗಳು ಬಹಳ. ಅಜ್ಜಿ ಅರಿಸಿನ ಹಚ್ಚಿದ ದಾರವನ್ನು ಅದರ ಕಾಲಿಗೆ ಕಟ್ಟಿದಳು. ಅದನ್ನು ಕೋಲಿನಿಂದ ಹೊಡೆಯುವಂತಿಲ್ಲ, ಪೊರಕೆ ತಾಗಿಸುವಂತಿಲ್ಲ, ಮಾರುವಂತಿಲ್ಲ. ನಮ್ಮ ತಟ್ಟೆಯ ಎಂಜಲು ಹಾಕುವಂತಿಲ್ಲ, ಅನ್ನ ಬಸಿದ ಕೂಡಲೇ ಅದರ ಪಾಲು ಮೊದಲು ತೆಗೆದಿಡಬೇಕು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಸಿದು ಕೂತಿದ್ದರೂ ಮೊದಲ ಹಿಡಿ ಅದಕ್ಕೆ. ಅಪ್ಪ ಒಮ್ಮೆ ಅಂದ, "ನಂಗೂ ಒಂದು ದಾರ ಕಟ್ಟೇ ಅವ್ವಾ, ಸ್ವಲ್ಪ ಬೇಗ ಊಟ ಸಿಗ್ತದೆ." ಅಜ್ಜಿ ನಗಲಿಲ್ಲ. ಇಷ್ಟು ಮರ್ಯಾದೆ ಸಿಕ್ಕ ಮೇಲೆ ಹುಂಜ ಕೊಬ್ಬದೆ ಇರುತ್ತದೆಯೇ. ಬೆಂಡೆಯ ಮೊಳಕೆ ಕಿತ್ತಿತು, ಮೆಣಸಿನ ಸಸಿಯ ಪಾತಿಯನ್ನೇ ಕೆದರಿ ಅದರಲ್ಲಿ ಮಣ್ಣು ಸ್ನಾನ ಮಾಡಿತು. ಅಮ್ಮ ಬೆಳಿಗ್ಗೆ ನೆಟ್ಟದ್ದನ್ನು ಮಧ್ಯಾಹ್ನ ಮತ್ತೆ ನೆಡುತ್ತಿದ್ದಳು. ಬೇಲಿಯಾಚೆ ಭಟ್ಟರ ಮನೆ. ಅವರ ಹೆಂಡತಿ ಶಾರದಕ್ಕನಿಗೆ ಹರಿವೆ ಬೆಳೆಯುವುದೆಂದರೆ ಪ್ರಾಣ.

"ಎಂತ ಮಾರಾಯ್ತಿ ಗೌರಮ್ಮ, ನಿಮ್ಮ ಹುಂಜ ನಮ್ಮ ಹರಿವೆ ಸಸಿ ಒಂದೂ ಉಳಿಸ್ಲಿಲ್ಲ. ಒಂದು ಕೋಲು ತಗೊಂಡು ಹೆದರಿಸಬಾರದಾ?"

"ಹಂಗೆ ಮಾಡೂಕೆ ಬರಲ್ಲ ಶಾರದಕ್ಕ, ಅದು ಚೌಡಮ್ಮಂದು," ಅಂದಳು ಅಮ್ಮ.

"ಚೌಡಮ್ಮಂದಾದ್ರೆ ಚೌಡಮ್ಮನ ಹಿತ್ಲಲ್ಲಿ ಮೇಯ್ಲಿ. ಇದು ಭಟ್ರ ಹಿತ್ಲು."

ಹಾಗೆಂದವರು ಮಾರನೆಯ ದಿನ ಬೇಲಿಯೊಳಗೆ ನುಗ್ಗಿದ ಹುಂಜದ ಎದುರು ಸೆರಗು ಬೀಸುತ್ತ, "ಹೊರಡಿ ಮಾರಾಯ್ರೆ, ದಮ್ಮಯ್ಯ, ಹೊರಡಿ," ಎಂದು ಬಹುವಚನದಲ್ಲಿ ಬೇಡಿಕೊಳ್ಳುವುದನ್ನು ನಾನೇ ಕಂಡೆ. ಹರಕೆಗೆ ಅವರೂ ಹೆದರುತ್ತಿದ್ದರು.

ಚಳಿಗಾಲ ಬಂದಾಗ ಅಜ್ಜಿ ಬದನೆ ಪಾತಿಯ ಪಕ್ಕ ಒಂದು ಹೊಂಡ ತೋಡಿದಳು. ನಿಲ್ಲಲಾರದ ಮಕ್ಕಳನ್ನು ಸೊಂಟದವರೆಗೆ ಮಣ್ಣಿನಲ್ಲಿ ನಿಲ್ಲಿಸಿದರೆ ಕಾಲು ಗಟ್ಟಿಯಾಗುತ್ತದೆ ಎಂಬುದು ಹಳಬರ ಮದ್ದು. ಬಿಸಿಲೇರಿದ ಮೇಲೆ ಮಂಜನನ್ನು ಹೊಂಡದಲ್ಲಿ ಇಳಿಸಿ, ಸುತ್ತಲೂ ಬೆಚ್ಚಗಿನ ಮರಳು ತುಂಬಿ, ಮೇಲೆ ಒತ್ತಿ, ಅವನನ್ನು ಒಂದು ಗಿಡದ ಹಾಗೆ ನೆಟ್ಟು ಅವಳು ಕಸ ಗುಡಿಸಲು ಹೋಗುತ್ತಿದ್ದಳು. ನಾಲ್ಕು ದಾಟಿದ ಹುಡುಗ. ಮೊದಲ ದಿನ ಕಿರುಚಿದ. ಮರುದಿನ ಕೋಳಿಗಳು ಅವನನ್ನು ಕಂಡುಹಿಡಿದವು. ಹೊಸದಾಗಿ ಅಗೆದ ಮಣ್ಣು, ಅದರಲ್ಲಿ ಎರೆಹುಳ, ಅದರ ನಡುವೆ ಕೈಯಲ್ಲಿ ನುಚ್ಚಿನುಂಡೆ ಹಿಡಿದ ಹುಡುಗ. ಅವನ ಮುಖ, ಹುಂಜದ ಮುಖ ಒಂದೇ ಎತ್ತರಕ್ಕೆ ಬರುತ್ತಿದ್ದವು. ಬೇರೆ ಮಕ್ಕಳೆಲ್ಲ ಕ್ವಾರ್ಟರ್ಸ್ ಲೈನಿನ ಮುಂದೆ ಓಡಿ ಆಡುತ್ತಿದ್ದರೆ ಇವನು ಹಿಂದೆ ಹುಂಜದ ಜೊತೆ ಮಾತಾಡುತ್ತಿದ್ದ. ಅದು ಅವನ ಕೈಯಿಂದಲೇ ಹೆಕ್ಕುತ್ತಿತ್ತು. ಬೇರೆ ಕೋಳಿ ಹತ್ತಿರ ಬಂದರೆ ಇವನ ಪರವಾಗಿ ಅಟ್ಟುತ್ತಿತ್ತು. ಹೊಂಡದಿಂದ ಕಾಲು ಗಟ್ಟಿಯಾಯಿತೋ ಇಲ್ಲವೋ ದೇವರೇ ಬಲ್ಲ. ನಮ್ಮ ಮನೆಯಲ್ಲಿ ಮತ್ತೆ ನಗು ಕೇಳಿದ್ದು ಮಾತ್ರ ಆ ಹೊಂಡದಿಂದ.

ಅಪ್ಪನಿಗೆ ಹೊಂಡದಲ್ಲಿ ನಂಬಿಕೆ ಇರಲಿಲ್ಲ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಹಾಗೆ ಹಿತ್ತಲಲ್ಲಿ ಎರಡು ಬಿದಿರ ಗಳುಗಳನ್ನು ಮಗುವಿನ ಕಂಕುಳ ಎತ್ತರಕ್ಕೆ ಅಡ್ಡ ಕಟ್ಟಿದ. ಎರಡರ ನಡುವೆ ಮಂಜನನ್ನು ನಿಲ್ಲಿಸಿ, ಎರಡೂ ಕೈಗೆ ಗಳು ಹಿಡಿಸಿ, ತಾನು ಎದುರು ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಬೇಸಿಗೆ ಏರುತ್ತ ಬಂದ ಹಾಗೆ ಹುಡುಗ ಎಡಗಾಲು ಮುಂದಿಟ್ಟು, ತೋಳಿನ ಬಲದಲ್ಲಿ ಮೈ ಎಳೆದುಕೊಂಡು, ಗಳುವಿನ ಅರ್ಧದವರೆಗೆ ಬರಲು ಕಲಿತ. ಅದನ್ನು ನೋಡಲು ನಾವೆಲ್ಲ ಕೆಲಸ ಬಿಟ್ಟು ಸಾಲಾಗಿ ನಿಲ್ಲುತ್ತಿದ್ದೆವು. ಅಮ್ಮ ಹಿಟ್ಟಿನ ಕೈಯಲ್ಲೇ ಬರುತ್ತಿದ್ದಳು. ಅಜ್ಜಿಯ ತುಟಿ ಅಲುಗುತ್ತಿತ್ತು, ಅವಳು ಹೆಜ್ಜೆ ಎಣಿಸುತ್ತಿದ್ದಳು. ಗಳು ಬಿಟ್ಟು ನಾಲ್ಕು ಹೆಜ್ಜೆ ಆದರೆ ಅವಳ ಮಾತು ತೀರುತ್ತದೆ. ಬೆಳಿಗ್ಗೆ ಹುಂಜ ಕೂಗಿದ ಕೂಡಲೇ ಅವಳು, "ಕೇಳಿಸ್ತಾ ಗೌರಿ, ಎದ್ದನಾ ಅಂತ ಕೇಳ್ತಾ ಐತೆ ಅದು," ಎನ್ನುತ್ತಿದ್ದಳು. ಅಮ್ಮ ಒಲೆ ಊದುತ್ತ ಹೂಂ ಎನ್ನುತ್ತಿದ್ದಳು. ದಿನವೂ ಅದೇ ಪ್ರಶ್ನೆ, ದಿನವೂ ಅದೇ ಹೂಂ.

ಕೋಳಿ ಸಾಕಿದವರಿಗೆ ಬೇಸಿಗೆಯ ಕೊನೆ ಕಷ್ಟದ ಕಾಲ. ಗುಡುಗು ಶುರುವಾದರೆ ಕಾವಿನಲ್ಲಿದ್ದ ಮೊಟ್ಟೆ ಕೆಡುತ್ತದೆ ಎಂದು ಅಮ್ಮ ಹೇಟೆ ಕೂತ ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು ಇಡುತ್ತಿದ್ದಳು. ನಾನೂ ಇಂದಿಗೂ ಇಡುತ್ತೇನೆ. ಮೊಟ್ಟೆ ಕೆಟ್ಟರೆ ಮೊಳೆಯನ್ನು ಯಾರೂ ಬೈಯುವುದಿಲ್ಲ, ಒಡೆದರೆ ಒಡೆಯಿತು, ಮರಿಯಾದರೆ ಮರಿ. ಹೇಟೆಯನ್ನು ಎಬ್ಬಿಸಿ ಎಬ್ಬಿಸಿ ನೋಡಬಾರದು ಎಂಬುದೊಂದೇ ಅದರಲ್ಲಿರುವ ಬುದ್ಧಿ. ನೋಡಿದಷ್ಟೂ ತಣ್ಣಗಾಗುತ್ತದೆ. ನಮಗೆ ಕೋಳಿಯ ವಿಷಯದಲ್ಲಿ ಇದ್ದ ಆ ತಾಳ್ಮೆ ಹುಡುಗನ ವಿಷಯದಲ್ಲಿ ಇರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಮಂಜ ಗಳು ಹಿಡಿಯುವುದನ್ನು ಬಿಟ್ಟುಬಿಟ್ಟ. ನಿಲ್ಲಿಸಿದರೆ ಕೈ ಸಡಿಲಿಸಿ ಕೆಳಗೆ ಕೂರುತ್ತಿದ್ದ. ಅಪ್ಪ ಪುಸಲಾಯಿಸಿದ, ಗದರಿದ, ಒಂದು ದಿನ ಹೊಡೆದೂ ಬಿಟ್ಟ. ಹೊಡೆದ ಮೇಲೆ ಊಟ ಮಾಡದೆ ಪಾಳಿಗೆ ಹೋದ. ಕಾಲಿಗೆ ಮತ್ತೆ ಜ್ವರ ಇಳಿದಿದೆಯೋ ಏನೋ ಎಂದು ಅಮ್ಮ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕಾಲಿನಲ್ಲಿ ಮುಂಚೆ ಇದ್ದ ಜೀವ ಹಾಗೇ ಇತ್ತು. ಹುಡುಗನಿಗೆ ಮನಸ್ಸಿರಲಿಲ್ಲ. ಮಳೆಗೆ ಹೆದರಿ ಮರಿಕೋಳಿಗಳನ್ನೆಲ್ಲ ಅಡಿಗೆಮನೆಯ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟಿದ್ದ ಒಂದು ಮಧ್ಯಾಹ್ನ ನಾನು ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಹುಂಜ ಅವನ ಪಕ್ಕದಲ್ಲೇ ಒದ್ದೆ ಪುಕ್ಕ ಕೊಡವುತ್ತ ನಿಂತಿತ್ತು.

"ಯಾಕೋ ಗಳು ಹಿಡಿಯಲ್ಲ ಅಂತೀಯ? ನೋವಾಗ್ತದಾ?" ಎಂದೆ.

"ಇಲ್ಲ."

"ಮತ್ತೆ?"

ಅವನು ಹುಂಜದ ಬೆನ್ನು ಸವರಿದ. "ನಾ ನಡೆದ್ರೆ ಇವನ್ನ ಕೊಯ್ತಾರಂತೆ. ಅಜ್ಜಿ ಹೇಳಿದ್ಲು. ಕಾಲಿನ ತುಂಡು ನಂಗೇ ಅಂತೆ."

ಅಜ್ಜಿ ಹೇಳಿದ್ದು ನಿಜ. ಹುಡುಗ ಅರ್ಧ ಗಳು ದಾಟಿದ ಖುಷಿಯಲ್ಲಿ, ಉಳಿದರ್ಧಕ್ಕೆ ಆಸೆ ಹುಟ್ಟಿಸಲು, "ನಡಿ ಮಗಾ, ನೀ ನಡೆದ ದಿನ ಈ ಹುಂಜ ಚೌಡಮ್ಮಂಗೆ. ಸಾರಿನಲ್ಲಿ ದೊಡ್ಡ ಕಾಲು ನಿಂಗೇ," ಎಂದಿದ್ದಳು. ಅವಳ ಪ್ರೀತಿ ಹಾಗೆಯೇ ಇತ್ತು. ನಮ್ಮಲ್ಲಿ ಮಕ್ಕಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇರಲಿಲ್ಲ, ಅಪ್ಪನಿಗೂ ಸಿಗದ ತುಂಡು ಅದು. ಹುಂಜ ಅವನಿಗೆ ಏನಾಗಿದೆ ಎಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾವು ನೋಡುತ್ತಿದ್ದದ್ದು ಕಾಲನ್ನು ಮಾತ್ರ. ಮಂಜ ಈಗ ಐವತ್ತರ ಹತ್ತಿರದವನು. ನನ್ನ ಮನೆಗೆ ಬಂದರೆ ಮೊಟ್ಟೆ ತಿನ್ನುತ್ತಾನೆ, ಕೋಳಿ ಸಾರು ಬಡಿಸಿದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾನೆ. ನಾನೂ ಒತ್ತಾಯ ಮಾಡುವುದಿಲ್ಲ.

ಆ ಸಂಜೆಯೇ ನಾನು ಅಮ್ಮನಿಗೆ ಹೇಳಿದೆ. ಅವಳು ಕೆಸುವಿನ ಸೊಪ್ಪು ಹೆಚ್ಚುತ್ತಿದ್ದಳು. ಕೇಳುತ್ತಲೇ ಹೆಚ್ಚಿ ಮುಗಿಸಿದಳು. ರಾತ್ರಿ ಎಲ್ಲರಿಗೂ ಬಡಿಸಿ, ತಾನು ತಟ್ಟೆ ಹಾಕಿಕೊಳ್ಳದೆ ಕೂತು, ಅಜ್ಜಿಯನ್ನು ನೋಡಿದಳು.

"ಅತ್ತೆ, ಆ ಹುಂಜನ್ನ ಚೌಡಮ್ಮಂಗೆ ಒಪ್ಪಿಸಿ ಬರಾಣ."

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. "ಹುಡುಗ ನಡೆದ್ನಾ?"

"ಇಲ್ಲ."

"ಮತ್ತೆ ಎಂತಕ್ಕೆ ಒಪ್ಪಿಸೂದು? ಕೊಡದೆ ಇದ್ದದ್ದಕ್ಕೆ ಯಾರಾದ್ರೂ ಹರಕೆ ತೀರಿಸ್ತಾರನೇ? ಅವ್ಳು ಕೊಡ್ತಾಳೆ, ಆಮೇಲೆ ನಾವು ಕೊಡೂದು. ಮುಂಚೆನೇ ಕೊಟ್ರೆ, ಸಾಕು ಬಿಡವ್ವ ಅಂದಂಗೆ ಆಗ್ತದೆ. ಕಾಲು ಬರೂದು ಅಲ್ಲಿಗೆ ನಿಂತೋಗ್ತದೆ."

"ಈಗ್ಲೇ ನಿಂತು ಹೋಗೈತೆ," ಅಂದಳು ಅಮ್ಮ. ಹುಡುಗ ಹೇಳಿದ್ದನ್ನು ಹೇಳಿದಳು. ಅಪ್ಪ ತಲೆ ಎತ್ತಿ ಮಂಜನನ್ನು ನೋಡಿದ. ಮಂಜ ಅನ್ನದಲ್ಲಿ ಬೆರಳಾಡಿಸುತ್ತಿದ್ದ.

"ಸಣ್ಣ ಹುಡುಗ, ಎಂತದೋ ಅಂತಾನೆ," ಎಂದಳು ಅಜ್ಜಿ. "ಅದಕ್ಕೆ ದೇವ್ರ ಮಾತು ತಿರುವೂಕೆ ಆಗ್ತದಾ?"

"ನಂಗೆ ಕಾದು ಕಾದು ಸಾಕಾಗೈತೆ ಅತ್ತೆ. ಬೆಳಗಾದ್ರೆ ಎಲ್ಲರೂ ಅವನ ಕಾಲು ನೋಡ್ತೀವಿ. ಒಬ್ಬರೂ ಅವನ ಮುಖ ನೋಡಲ್ಲ. ಅವನು ನಡೀಲಿ, ನಡೀದೆ ಇರ್ಲಿ. ಅವನ ಕಾಲಿಗೆ ಒಂದು ಜೀವ ಕಟ್ಟಿ ಇಟ್ರೆ ಆ ಕಾಲು ಹೆಂಗೆ ಎತ್ತಾನು?"

ಅಮ್ಮ ಅತ್ತೆಯ ಎದುರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗಂಟಲು ಏರಿರಲಿಲ್ಲ. ಸುಸ್ತಾದವರು ಹೊರೆ ಇಳಿಸುವಾಗ ಮಾತಾಡುವ ದನಿ ಅದು. ಅಪ್ಪ, "ಅವ್ವಾ, ಮಳೆ ಬಿಡ್ಲಿ, ಹೋಗಿ ಬರ್ರಿ," ಎಂದು ಎದ್ದು ಕೈ ತೊಳೆದ. ಅಜ್ಜಿ ಆಮೇಲೆ ಬಹಳ ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದಳು. ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿಸುತ್ತಿದ್ದಳು. ಅಮ್ಮ ಮೂರಡಿ ದೂರದಲ್ಲಿ ನಿಂತಿದ್ದರೂ, "ನಿಮ್ಮಮ್ಮಂಗೆ ಹೇಳು, ಉಪ್ಪು ಜಾಸ್ತಿ," ಎನ್ನುತ್ತಿದ್ದಳು. ಹಿತ್ತಲಲ್ಲಿ ಗಳುಗಳಿಗೆ ಪಾಚಿ ಹಿಡಿಯಿತು. ಹೊಂಡದಲ್ಲಿ ನೀರು ನಿಂತು ಕಪ್ಪೆ ಸೇರಿತು.

ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ನಾವು ಹೊರಟೆವು. ಅಪ್ಪನಿಗೆ ಪಾಳಿ ಇತ್ತು. ಅಮ್ಮನ ಸೊಂಟದ ಮೇಲೆ ಮಂಜ, ಮಂಜನ ತೋಳಿನಲ್ಲಿ ಹುಂಜ, ನನ್ನ ಕೈಯಲ್ಲಿ ಕಾಯಿ, ಹೂವು, ಅಕ್ಕಿಯ ಚೀಲ. ಅಜ್ಜಿ ಬರುವುದಿಲ್ಲ ಎಂದವಳು, ನಾವು ಗೇಟು ದಾಟುವಾಗ ಹಿಂದಿನಿಂದ ಬಂದು ಮಾತಿಲ್ಲದೆ ಜೊತೆಯಾದಳು. ಈಗ ಆ ಹಿನ್ನೀರಿನ ಮೇಲೆ ಸೇತುವೆಯಾಗಿದೆ, ಬಸ್ಸು ಕಣ್ಣುಮುಚ್ಚಿ ತೆರೆಯುವುದರಲ್ಲಿ ಆಚೆ ಇರುತ್ತದೆ. ಆಗ ಲಾಂಚಿಗೆ ಕಾಯಬೇಕಿತ್ತು. ದಡದಲ್ಲಿ ಜನ, ಎಮ್ಮೆ, ಸೈಕಲ್ಲು, ಗೊಬ್ಬರದ ಮೂಟೆ ಎಲ್ಲ ಒಟ್ಟಿಗೆ. ಲಾಂಚಿನ ಹಗ್ಗ ಬಿಚ್ಚುತ್ತಿದ್ದವನು ಹುಂಜದ ಕಾಲಿನ ದಾರ ನೋಡಿ, "ಹರಕೆದಾ? ಟಿಕೀಟು ತಗಂಡಿದಾನಾ ಇಂವ?" ಎಂದ. ಮಂಜ ಗಾಬರಿಯಾಗಿ ಅಮ್ಮನ ಮುಖ ನೋಡಿದ. "ಹೋಗೂದಕ್ಕೆ ಮಾತ್ರ ಸಾಕು ಬಿಡು, ಬರೂದಕ್ಕೆ ಬ್ಯಾಡ," ಎಂದು ಇನ್ನೊಬ್ಬ ನಕ್ಕ. ಅಮ್ಮ ಮಂಜನ ತಲೆಯನ್ನು ತನ್ನ ಭುಜಕ್ಕೆ ಒತ್ತಿ ಹಿಡಿದು ನೀರಿನ ಕಡೆ ತಿರುಗಿ ನಿಂತಳು. ಅಲ್ಲೆಲ್ಲೋ ನೀರಿನ ಕೆಳಗೆ ಅಜ್ಜಿಯ ಹಳೇ ಅಡಿಗೆಮನೆ ಇತ್ತು. ಅಜ್ಜಿ ಆ ಕಡೆಗೂ ನೋಡಲಿಲ್ಲ.

ಚೌಡಮ್ಮನ ಬನ ಎಂದರೆ ದೊಡ್ಡ ಮರಗಳ ನಡುವೆ ಒಂದು ಕಲ್ಲು, ಎದುರಿಗೆ ಸ್ವಲ್ಪ ಗುಡಿಸಿದ ಜಾಗ, ಅಷ್ಟೇ. ಪೂಜೆ ಮಾಡುವವನು ಈರಜ್ಜ, ನಮ್ಮ ಅಜ್ಜನ ತಮ್ಮ. ಕಾಯಿ ತೆಗೆದುಕೊಂಡು, ಕತ್ತಿಯನ್ನು ಕಲ್ಲಿನ ಪಕ್ಕ ಇಟ್ಟು, ಅವನು ವಾಡಿಕೆಯ ಮಾತು ಕೇಳಿದ.

"ಏನು ಹೇಳ್ಕಂಡಿದ್ರಿ, ಏನು ಆತು, ತಾಯಿಗೆ ಹೇಳ್ರಿ."

ಅಮ್ಮ ಹೇಳಿದಳು, "ಹುಡುಗ ನಡೀಲಿ ಅಂತ ಹೇಳ್ಕಂಡಿದ್ವಿ ಸಣ್ಣಮಾವ. ನಡೆದಿಲ್ಲ."

ಈರಜ್ಜ ಅವಳನ್ನೂ ಹುಡುಗನನ್ನೂ ನೋಡಿದ. "ಹಂಗಾರೆ ಇದನ್ನ ಯಾವ ಲೆಕ್ಕಕ್ಕೆ ಒಪ್ಪಿಸ್ಲಿ ನಾನು? ಇಷ್ಟು ವರ್ಷ ಪೂಜೆ ಮಾಡೀನಿ, ಆಗದೆ ಇದ್ದ ಕೆಲಸಕ್ಕೆ ಕೋಳಿ ತಂದೋರನ್ನ ನೋಡಿಲ್ಲ."

"ಹುಡುಗ ಉಳ್ಕಂಡ," ಅಂದಳು ಅಮ್ಮ. "ಆ ಜ್ವರದಲ್ಲಿ ಹೋಗಬೇಕಿತ್ತು, ಹೋಗ್ಲಿಲ್ಲ. ಉಣ್ತಾನೆ. ಮಾತಾಡ್ತಾನೆ. ಅಕ್ಕನ ಜೊತೆ ಜಗಳ ಆಡ್ತಾನೆ. ನಗ್ತಾನೆ. ಒಂದು ಕಾಲಲ್ಲಿ ಜೀವ ಐತೆ. ಇದಕ್ಕೆಲ್ಲ ನಾವು ಹೇಳ್ಕಂಡೂ ಇಲ್ಲ, ಕೊಟ್ಟೂ ಇಲ್ಲ. ಅದಕ್ಕೆ ತಗಳ್ಳಲಿ."

ಅವಳಿಗೆ ಬೆವರು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ, ಸೊಂಟದ ಮೇಲೆ ಹುಡುಗನಿದ್ದ. ದೇವರ ಎದುರು ನಿಂತು ಬೇಡದೆ ಮಾತಾಡಬಹುದು ಎಂದು ನನಗೆ ತಿಳಿದದ್ದು ಆಗ. ಈರಜ್ಜ ಕತ್ತು ತುರಿಸಿಕೊಂಡ. 

"ನೀ ಅಂದ್ರೆ ಆಗಲ್ಲ ಗೌರಮ್ಮ. ಬಾಯಿ ಬಿಟ್ಟು ಹೇಳ್ಕಂಡೋರು ಅತ್ತಿಗೆ. ಅವ್ರೇ ಬಿಡಿಸ್ಬೇಕು. ಏನತ್ತಿಗೆ?"

ಅಜ್ಜಿ ಕಲ್ಲನ್ನೇ ನೋಡುತ್ತಿದ್ದಳು. ಅವಳು ಒಪ್ಪದಿದ್ದರೆ ಹುಂಜವನ್ನು ಮತ್ತೆ ಹೊತ್ತು ಮನೆಗೆ ಹೋಗಬೇಕು, ನಾಳೆ ಬೆಳಿಗ್ಗೆ ಅದು ಮತ್ತೆ ಕೂಗಬೇಕು, ಮಂಜ ಮತ್ತೆ ಕೈ ಸಡಿಲಿಸಿ ಕೂರಬೇಕು. ಅದು ನನಗೇ ಅರ್ಥವಾಗುತ್ತಿತ್ತು. ಅಜ್ಜಿ ಮಂಜನ ಕಡೆ ಕೈ ಚಾಚಿದಳು. "ಕೊಡು ಇಲ್ಲಿ." ಅವನು ಹುಂಜವನ್ನು ಇನ್ನೂ ಬಿಗಿಯಾಗಿ ಹಿಡಿದು, ಅದರ ಬೆನ್ನಿನ ಪುಕ್ಕದಲ್ಲಿ ಮುಖ ಮುಚ್ಚಿಕೊಂಡ. ಹುಂಜ ಕೊಕ್ಕೆತ್ತಿ ಸುಮ್ಮನೆ ಇತ್ತು. ಅಜ್ಜಿ ಬಹಳ ಹೊತ್ತು ಹಾಗೇ ನಿಂತಳು. ಆ ಒಂದು ವರ್ಷದಲ್ಲಿ ಅವಳು ಮೊಮ್ಮಗನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ಬಗ್ಗಿ, ಹುಂಜದ ಕಾಲಿನ ದಾರವನ್ನು ಹಲ್ಲಿನಲ್ಲಿ ಕಡಿದಳು.

"ತಾಯೀ, ಕಾಲಿನ ಮಾತು ಬಿಟ್ಟೆ," ಎಂದಳು. "ಹುಡುಗ ಉಳ್ಕಂಡಿದ್ದಕ್ಕೆ ಇದು ನಿಂದು."

ಈರಜ್ಜ ಕತ್ತಿ ಕೈಗೆತ್ತಿಕೊಂಡ. ಅಜ್ಜಿಯೇ, "ಬ್ಯಾಡ, ಬಿಟ್ಟು ಹೋಗ್ತೀವಿ," ಎಂದಳು. ಅದಕ್ಕೂ ವಾಡಿಕೆ ಇದೆ. ಕೊಯ್ಯಲು ಮನಸ್ಸಿಲ್ಲದವರು ಕೋಳಿಯನ್ನು ಬನಕ್ಕೆ ಬಿಟ್ಟು ಬರುತ್ತಾರೆ, ಉಳಿದದ್ದು ದೇವಿಗೆ ಸೇರಿದ್ದು. ಈರಜ್ಜ ಹುಂಜದ ಮೇಲೆ ನೀರು ಚಿಮುಕಿಸಿದ. ಮಂಜ ತಾನೇ ಕೈ ಬಿಟ್ಟ. ಅದು ಮೈ ಕೊಡವಿ, ನಮ್ಮ ಕಡೆ ತಿರುಗಿಯೂ ನೋಡದೆ, ಒಣ ಎಲೆ ಕೆದರುತ್ತ ಮರಗಳ ಬುಡಕ್ಕೆ ಹೋಯಿತು.

ಬರುವಾಗ ಲಾಂಚಿನಲ್ಲಿ ಜಾಗ ಸಿಕ್ಕಿತು. ಮಂಜ ಅಜ್ಜಿಯ ತೊಡೆಯ ಮೇಲೆ ಕೂತಿದ್ದ.

"ಅಜ್ಜಿ, ಅಲ್ಲಿ ನರಿ ಐತಾ?"

"ಐತೆ."

"ಇವನ್ನ ತಿಂತದಾ?"

ಅಜ್ಜಿ ಅಮ್ಮನ ಮುಖ ನೋಡಿದಳು. ಅಷ್ಟು ದಿನದ ಮೇಲೆ ಅವಳು ನೇರವಾಗಿ ಅಮ್ಮನ ಕಡೆ ತಿರುಗಿದ್ದು ಆಗಲೇ.

"ತಿಂದ್ರೂ ತಿಂತದೆ," ಅಂದಳು ಅಮ್ಮ. "ಮರ ಹತ್ತಿ ಕೂತ್ರೆ ತಿನ್ನಲ್ಲ. ಅವನಿಗೆ ಚಪ್ಪರ ಹತ್ತೂದು ಗೊತ್ತೈತಲ್ಲ. ನಾವಂತೂ ಕೊಯ್ಯಲ್ಲ."

ಅವನು ಅಜ್ಜಿಯ ಕಡೆ ತಿರುಗಿ, "ನಾ ನಡೆದ್ರೂ?" ಎಂದು ಕೇಳಿದ.

"ನಡೆದ್ರೂ ಇಲ್ಲ, ನಡೀದೆ ಇದ್ರೂ ಇಲ್ಲ," ಅಂದಳು ಅಜ್ಜಿ. "ನಿನ್ನ ಕಾಲು ನಿಂದು ಮಗಾ."

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಕೂಗುವ ಹುಂಜ ಇರಲಿಲ್ಲ. ಅಪ್ಪ ಪಾಳಿ ಮುಗಿಸಿ ಬಂದು ಮಲಗಿದ್ದ. ಅಜ್ಜಿ ಎದ್ದರೂ ಹೊರಗೆ ಬರದೆ ಗೋಡೆಗೆ ಒರಗಿ ಕೂತಿದ್ದಳು, ಬೆಳಗಿನ ಪ್ರಶ್ನೆ ಕೇಳುವುದಕ್ಕೆ ಅವಳಿಗೆ ಏನೂ ಉಳಿದಿರಲಿಲ್ಲ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾನು ಹೊಗೆಗೆ ಕಣ್ಣುಜ್ಜಿಕೊಂಡು ಅಡಿಗೆಮನೆಯ ಜಾಲಂಧ್ರದಿಂದ ಹೊರಗೆ ನೋಡಿದೆ. ಮಂಜ ಕುಂಡೆಯ ಮೇಲೆ ಸರಿದುಕೊಂಡು ಬದನೆ ಪಾತಿ ದಾಟಿದ್ದ. ಅವನನ್ನು ಯಾರೂ ಎತ್ತಿ ಕೂರಿಸಿರಲಿಲ್ಲ, ಯಾರೂ ಕರೆದಿರಲಿಲ್ಲ. ಪಾಚಿ ಹಿಡಿದ ಗಳುವನ್ನು ಒಂದು ಕೈಯಲ್ಲಿ ಹಿಡಿದ, ಜಾರಿದ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮತ್ತೆ ಹಿಡಿದ. ಮೈಯೆಲ್ಲ ನಡುಗುತ್ತ ಅವನು ಮೇಲೆದ್ದದ್ದನ್ನು ಕಂಡು ನಾನು ಹಿತ್ತಲ ಬಾಗಿಲಿಗೆ ಹೊರಟೆ. ಅಮ್ಮ ಹಿಟ್ಟಿನ ಕೈಯಲ್ಲಿ ನನ್ನ ತೋಳು ಹಿಡಿದಳು.

"ಎಲ್ಲಿಗೆ?"

"ಮಂಜ ನಿಂತಿದಾನೆ ಅಮ್ಮ."

"ನೋಡ್ದೆ. ನಿಲ್ಲಲಿ. ನಾವು ಹೋಗಿ ನೋಡಿದ್ರೆ ಕೂತುಬಿಡ್ತಾನೆ." ಅವಳು ಕಾವಲಿಯ ಮೇಲಿನ ರೊಟ್ಟಿ ಮಗುಚಿದಳು. ಕಿಟಕಿಗೆ ಬೆನ್ನು ಹಾಕಿಯೇ ನಿಂತಿದ್ದಳು. "ನಲ್ಲಿ ಬಿಡೂ ಹೊತ್ತಾತು. ಕೊಡ ತಗಂಡು ಹೋಗು. ಮುಂದಿನ ಬಾಗ್ಲಿಂದ."

ನಾನು ಕೊಡ ತೆಗೆದುಕೊಂಡು ಮುಂದಿನ ಬಾಗಿಲಿಂದ ಹೋದೆ. ಲೈನಿನ ಕೊನೆಯ ನಲ್ಲಿಯ ಹತ್ತಿರ ಆಗಲೇ ಕೊಡಗಳ ಸಾಲಿತ್ತು. ನನ್ನದನ್ನು ಕೊನೆಯಲ್ಲಿಟ್ಟು, ನೀರು ಬರುವವರೆಗೆ ನಿಂತೆ.